ಜೆರಾಕ್ಸ್ ಅಂಗಡಿಯಲ್ಲಿ ಮಾತು ನಿಂತಾಗ

ತಾಲ್ಲೂಕು ಕಚೇರಿ ಎದುರಿನ ಸೀನನ ಜೆರಾಕ್ಸ್ ಅಂಗಡಿಯಲ್ಲಿ ಸಂಜೆ ನಾವು ಸೇರುವುದು ಬೈ-ಟು ಟೀಗೆ, ಜತೆಗೆ ಊರ ಉಸಾಬರಿಗೆ. ಮೊನ್ನೆ ಹೋದಾಗ ಸೀನ ಬೆವರುತ್ತಿದ್ದ. ಮುಂದಿನ ಕಂಪ್ಯೂಟರಿನಿಂದ ಪ್ರಿಂಟ್ ಕೊಟ್ಟರೆ ಹಿಂದಿನ ಮೂಲೆಯ ಪ್ರಿಂಟರ್ ಉಸಿರೇ ಬಿಡುತ್ತಿಲ್ಲ. ಕೌಂಟರ್ ಮುಂದೆ ಒಬ್ಬ ಅಜ್ಜಿ ಪಹಣಿಗಾಗಿ ಕಾಯುತ್ತಿದ್ದರು. ಸೀನ ಪ್ರಿಂಟ್ ಒತ್ತುತ್ತಲೇ ಇದ್ದ.

"ಎರಡೂ ಮಾತು ಬಿಟ್ಟಿವೆ ಕಣೋ."

"ಹಬ್ಬಕ್ಕೆ ಸೀರೆ ತಂದುಕೊಡಲಿಲ್ವೇನೋ," ಎಂದರು ರಾಜಣ್ಣ.

ಗೋಪಿ ಕಾಲೇಜಿನ ಲ್ಯಾಬಿನಲ್ಲಿ ಕೇಬಲ್ ಎಳೆಯುವವನು. ಟೀ ಲೋಟ ಕೆಳಗಿಟ್ಟ. "ನೆಟ್‌ವರ್ಕ್ ಕಾರ್ಡ್ ಕಡೆ ನೋಡಬೇಕು, ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸೋದು ಅದಕ್ಕೇ. ಗೊತ್ತಾ, ಕಂಪ್ಯೂಟರುಗಳನ್ನು ಕೇಬಲಿನಿಂದ ಜೋಡಿಸಿ ಮಾತಾಡಿಸೋ ಈ ಈಥರ್‌ನೆಟ್ ಹುಟ್ಟಿದ್ದೇ ಜೆರಾಕ್ಸಿನಲ್ಲಿ."

"ನನ್ನ ಅಂಗಡಿಯಲ್ಲಾ?"

"ಜೆರಾಕ್ಸ್ ಕಂಪನಿ ಮಾರಾಯ! ಅಮೆರಿಕದ ಪಾಲೋ ಆಲ್ಟೋದಲ್ಲಿ ಅವರ ಸಂಶೋಧನಾ ಕೇಂದ್ರ ಇತ್ತು. 1973ರಲ್ಲಿ ಬಾಬ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಅಂತ ಇಬ್ಬರು ಶುರು ಮಾಡಿದರು. ಯಾಕೆ ಹೇಳು? ಅಲ್ಲಿನ ಕಂಪ್ಯೂಟರುಗಳೆಲ್ಲ ಲೇಸರ್ ಪ್ರಿಂಟರಿಗೆ ಪ್ರಿಂಟ್ ಕೊಡಬೇಕಿತ್ತು."

ಸೀನನ ಮುಖ ಅರಳಿತು. ಸಮುದ್ರದಾಚೆಯೂ ತನ್ನದೇ ಗೋಳು ಇತ್ತಲ್ಲ!

"ಆಗ ಎಲ್ಲಕ್ಕೂ ಸೇರಿ ಒಂದೇ ಕೇಬಲ್. ಬೇರೆಯವರು ಮಾತಾಡುತ್ತಿದ್ದಾರಾ ಅಂತ ಕಾರ್ಡು ಮೊದಲು ಕಿವಿಗೊಟ್ಟು ಕೇಳಬೇಕು. ಸುಮ್ನಿದ್ದರೆ ಮಾತ್ರ..."

"ಅಂದರೆ..." ಎಂದು ರಾಜಣ್ಣ, ಸೀನ ಒಟ್ಟಿಗೆ ಬಾಯಿ ತೆರೆದರು. ಇಬ್ಬರೂ ನಿಲ್ಲಿಸಿದರು. "ನೀವು ಹೇಳಿ." "ಇಲ್ಲ, ನೀನು ಹೇಳು." ಅದೂ ಒಟ್ಟಿಗೇ.

ಗೋಪಿ ಚಪ್ಪಾಳೆ ತಟ್ಟಿದ. "ಇದೇ ಡಿಕ್ಕಿ! ಇಬ್ಬರೂ ನಿಲ್ಲಿಸಿ, ಚೀಟಿ ಎತ್ತಿದ ಹಾಗೆ, ತಮ್ಮ ತಮ್ಮ ಚೀಟಿಯಲ್ಲಿ ಬಂದಷ್ಟು ಹೊತ್ತು ಕಾಯಬೇಕು. ಮತ್ತೆ ಡಿಕ್ಕಿಯಾದರೆ ಡಬ್ಬದಲ್ಲಿ ಚೀಟಿ ಎರಡರಷ್ಟು. 16 ಸಲ ಆದರೂ ಆಗಲಿಲ್ಲ ಅಂದರೆ ಕಾರ್ಡು ಕೈಚೆಲ್ಲುತ್ತೆ."

"ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಎರಡನೇ ಸಲಕ್ಕೇ ಕುರ್ಚಿ ಎತ್ತುತ್ತಾರೆ," ಎಂದರು ರಾಜಣ್ಣ.

ಈಗ ನಡುವೆ ಸ್ವಿಚ್ ಎಂಬ ಪೆಟ್ಟಿಗೆ ಕೂತು ಒಬ್ಬೊಬ್ಬರಿಗೂ ಬೇರೆ ಕೇಬಲ್ ಕೊಟ್ಟಿರುವುದರಿಂದ ಆ ಜಗಳ ಇಲ್ಲವಂತೆ. ನನಗೆ ಸ್ವಲ್ಪ ನಿರಾಸೆಯೇ ಆಯಿತು.

"ಬಂದದ್ದು ತನಗೇ ಅಂತ ಕಾರ್ಡಿಗೆ ಹೇಗೆ ಗೊತ್ತಾಗುತ್ತೆ?" ಎಂದೆ.

"ಕಾರ್ಖಾನೆಯಲ್ಲೇ ನಾಮಕರಣ ಆಗಿರುತ್ತೆ. ಮ್ಯಾಕ್ ವಿಳಾಸ, 48 ಬಿಟ್. ಮೊದಲರ್ಧ ತಯಾರಿಸಿದವರ ಗುರುತು, ಉಳಿದರ್ಧ ಕಾರ್ಡಿನದು."

"ಇನಿಷಿಯಲ್ಲು, ಹೆಸರು."

"ಹೂಂ. ಬೇರೆಯವರ ಹೆಸರಿನ ಪೊಟ್ಟಣ ಬಂದರೆ ಮಾಮೂಲಿಯಾಗಿ ಒಳಗೇನಿದೆ ಅಂತಲೂ ನೋಡಲ್ಲ, ಬಿಸಾಕುತ್ತೆ."

"ನಮ್ಮ ಪಕ್ಕದ ಮನೆಯವರಿಗೆ ಒಂದು ಹಾಕಿಸಬಹುದಾ?" ಎಂದರು ರಾಜಣ್ಣ. ಅವರ ಕೊರಿಯರ್ ಕಥೆ ಊರಿಗೆಲ್ಲ ಗೊತ್ತು.

ಗೋಪಿ ಟಾರ್ಚ್ ಹಿಡಿದು ಮೇಜಿನ ಕೆಳಗೆ ನುಗ್ಗಿದ. ಕಾರ್ಡಿನ ಪುಟ್ಟ ಹಸಿರು ದೀಪ ಆರಿತ್ತು. ಕೇಬಲ್ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು. ಅದನ್ನು ಸೀನ ಹೂ ಕಟ್ಟುವ ದಾರದಿಂದ ಬಿಗಿದಿದ್ದ. "ಥೂ," ಎಂದು ತುದಿ ಕತ್ತರಿಸಿ, ಎಂಟು ತಂತಿ ಬಿಡಿಸಿ, ಬೆರಳಲ್ಲಿ ನೇರ ಮಾಡಿ ಜೋಡಿಸತೊಡಗಿದ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು.

ರಾಜಣ್ಣ ಎಷ್ಟೋ ಮದುವೆ ಮಾಡಿಸಿದವರು. ಕನ್ನಡಕ ಏರಿಸಿದರು. "ಹಸಿರು ಜೋಡೀನ ಬೇರೆ ಮಾಡಿ ನಡುವೆ ನೀಲಿ ದಂಪತಿ ಕೂರಿಸಿದ್ದೀಯಲ್ಲೋ!"

"ಅದೇ ಕ್ರಮ ಅಣ್ಣ. ಒಳಗೆ ಹೆಣೆದುಕೊಂಡೇ ಇರುತ್ತವೆ. ಹಾಗೆ ಹೆಣೆದಿದ್ದರೇ ಹೊರಗಿನ ಗಲಾಟೆ ಹೆಚ್ಚು ತಟ್ಟಲ್ಲ."

ಕ್ರಿಂಪಿಂಗ್ ಇಕ್ಕಳ ಕಟಕ್ ಎಂದಿತು. ಪ್ಲಗ್ ಒಳಗೆ ಹೋಯಿತು. ದೀಪ ಮಿನುಗಿತು. ಮೂಲೆಯ ಪ್ರಿಂಟರ್ ಗೊರ್ ಎಂದು ಎದ್ದಿತು. ಒಂದು ಪಹಣಿ ಬಂತು. ಇನ್ನೊಂದು ಬಂತು. ಸೀನ ಒತ್ತಿದ್ದೆಲ್ಲ ಸಾಲಾಗಿ ಕಾಯುತ್ತಿತ್ತು. ಹನ್ನೊಂದಕ್ಕೆ ನಿಂತಿತು.

ಅಜ್ಜಿ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು.

"ನನಗಿರೋದು ಒಂದೇ ಹೊಲ ಕಣಪ್ಪಾ."