ಕಿಟಕಿ ಬೆಳಕಲ್ಲಿ ಅಜ್ಜಿಯ ಫೋಟೊ: ಅರ್ಧ ಮುಖ ಕಪ್ಪಾಗ್ತಿದೆ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರಲ್ಲಿ ಬಾಡಿಗೆ ಮನೆ. ಹಾಲ್‌ಗೆ ಉತ್ತರಕ್ಕೆ ಒಂದೇ ಕಿಟಕಿ, 4×3 ಅಡಿ, ಗ್ರಿಲ್ ಇದೆ. ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿ ಮೊಬೈಲಲ್ಲಿ ತೆಗೆದರೆ ಒಂದು ಕೆನ್ನೆ ಬೆಳ್ಳಗೆ, ಇನ್ನೊಂದು ಕಪ್ಪು. ಲೈಟ್ ಕೊಳ್ಳದೆ ಸರಿಮಾಡಬಹುದಾ?

ಉತ್ತರ 1: ಮಾಡಬಹುದು. ಕಿಟಕಿಯಿಂದ 3 ಅಡಿ ದೂರ ಕೂರಿಸಿ, ಮುಖವನ್ನು ಸ್ವಲ್ಪ ಕಿಟಕಿಯತ್ತ ತಿರುಗಿಸಿ. ಕತ್ತಲೆ ಬದಿಗೆ, ಫ್ರೇಮಿನ ಆಚೆ, ಒಂದೂವರೆ ಅಡಿ ದೂರದಲ್ಲಿ ಬಿಳಿ ಥರ್ಮಾಕೋಲ್ ಶೀಟ್ ನಿಲ್ಲಿಸಿ. ಹತ್ತಿರ ತಂದಷ್ಟೂ ಆ ಕೆನ್ನೆ ತಿಳಿಯಾಗುತ್ತೆ. ಪೂರ್ತಿ ತಿಳಿ ಮಾಡೋಕೆ ಹೋಗಬೇಡಿ, ಮುಖ ಚಪ್ಪಟೆ ಕಾಣುತ್ತೆ. ಸುಕ್ಕಿನ ಚೆಲುವೆಲ್ಲ ಇರೋದು ಆ ನೆರಳಲ್ಲೇ.

ಉತ್ತರ 2: ಮನೆಯ ಬಲ್ಬು, ಟ್ಯೂಬ್‌ಲೈಟ್ ಎಲ್ಲ ಆರಿಸಿ. ಹಗಲ ಬೆಳಕು ನೀಲಿ ಕಡೆಗೆ, ವಾರ್ಮ್ ಬಲ್ಬು ಹಳದಿ ಕಡೆಗೆ. ಎರಡೂ ಬಿದ್ದರೆ ಒಂದೇ ಮುಖಕ್ಕೆ ಎರಡು ಬಣ್ಣ, ಆಮೇಲೆ ವೈಟ್ ಬ್ಯಾಲೆನ್ಸ್ (ಫೋಟೊದ ಬಣ್ಣ ಸರಿಮಾಡೋ ಸೆಟ್ಟಿಂಗ್) ಎಷ್ಟು ತಿರುಗಿಸಿದರೂ ಕೂಡಿಬರಲ್ಲ. ನೆಲ ರೆಡ್ ಆಕ್ಸೈಡ್ ಆಗಿದ್ದರೆ ಗದ್ದದ ಕೆಳಗೆ ಕೆಂಪು ಛಾಯೆ ಬರುತ್ತೆ, ಬಿಳಿ ಬೆಡ್‌ಶೀಟ್ ಹಾಸಿ.

ಉತ್ತರ 3: "ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ" ಅನ್ನೋದು ಯುರೋಪಿನ ಮಾತು, ನಂಬಬೇಡಿ. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವರೆಗೆ ಮಧ್ಯಾಹ್ನದ ಸೂರ್ಯನೂ ನೆತ್ತಿಗಿಂತ ಉತ್ತರಕ್ಕಿರ್ತಾನೆ. ಮಧ್ಯಾಹ್ನ ಸಜ್ಜಾ ತಡೆಯುತ್ತೆ, ಆದರೆ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಒಳಗೆ ನುಗ್ಗಿ ಗ್ರಿಲ್ಲಿನ ಗೆರೆ ಮುಖದ ಮೇಲೆ ಬೀಳುತ್ತೆ. ಆಗ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ. ಒಂದೇ ಪದರ ಸಾಲದು, ತೆಳು ಬಟ್ಟೆಯಲ್ಲಿ ಬಿಸಿಲು ನೇರವಾಗಿ ತೂರಿಬರುತ್ತೆ. ಬೆಳಕು ಕಡಿಮೆಯಾಗುತ್ತೆ, ಅಜ್ಜಿಯನ್ನು 2 ಅಡಿಗೆ ಕರೆತನ್ನಿ. ನವೆಂಬರ್, ಡಿಸೆಂಬರಲ್ಲಿ ಈ ತಲೆನೋವಿಲ್ಲ.

ಉತ್ತರ 4: ಕಿಟಕಿ ಫ್ರೇಮೊಳಗೆ ಬರಬಾರದು, ಬಂದರೆ ಮೊಬೈಲು ಅದಕ್ಕೆ ಲೆಕ್ಕ ಹಾಕಿ ಮುಖ ಕತ್ತಲೆ ಮಾಡುತ್ತೆ. ಸ್ಕ್ರೀನಲ್ಲಿ ಬೆಳಗಿದ ಕೆನ್ನೆ ಮೇಲೆ ಒತ್ತಿಹಿಡಿದು ಎಕ್ಸ್‌ಪೋಶರ್ (ಫೋಟೊಗೆ ಎಷ್ಟು ಬೆಳಕು ಅನ್ನೋದು) ಲಾಕ್ ಮಾಡಿ, ಸ್ಲೈಡರ್ ತುಸು ಕೆಳಗಿಳಿಸಿ. ಕ್ಯಾಮೆರಾ ಇದ್ದರೆ ಶಟರ್ 1/125 ಸೆಕೆಂಡಿಗಿಂತ ನಿಧಾನ ಬೇಡ, ಕತ್ತಲಾದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ಕ್ಕೆ ಏರಿಸಿ. ಸ್ವಲ್ಪ ನಾಯ್ಸ್ (ಮರಳಿನಂಥ ಚುಕ್ಕೆ) ಬಂದರೂ ಪರವಾಗಿಲ್ಲ, ಅಲುಗಿದ ಫೋಟೊ ಯಾವುದಕ್ಕೂ ಬರಲ್ಲ.

ಉತ್ತರ 1 (ಮತ್ತೆ): ಅಜ್ಜಿ ಕನ್ನಡಕ ಹಾಕ್ತಾರಾ? ಗಾಜಲ್ಲಿ ಕಿಟಕಿ ಹೊಳೆದರೆ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಅರ್ಧ ಇಂಚು ಮೇಲೆತ್ತಿ. ಗಾಜು ಕೆಳಗೆ ಬಾಗಿ ಹೊಳಪು ಜಾರಿಹೋಗುತ್ತೆ, ಫೋಟೊದಲ್ಲಿ ಗೊತ್ತೇ ಆಗಲ್ಲ.