ಬಿಎಸ್ಸಿ ನರ್ಸಿಂಗ್ ಸೇರುವ ಗುರಿಯಿದೆ, ರಸಾಯನಶಾಸ್ತ್ರದ ಲೆಕ್ಕಗಳು ಮಾತ್ರ ಕೈಹತ್ತುತ್ತಿಲ್ಲ

ಪ್ರಶ್ನೆ: ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲ ಹಿರಿಯರಿಗೆ ನಮಸ್ಕಾರ. ಎಸ್ಸೆಸ್ಸೆಲ್ಸಿಯವರೆಗೆ ಜಗಳೂರು ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ದಾವಣಗೆರೆಯಲ್ಲಿ ವಿಜ್ಞಾನ ವಿಭಾಗದಲ್ಲಿದ್ದೇನೆ. ಬಿಎಸ್ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 45 ಅಂಕ ಬೇಕು. ಜೀವಶಾಸ್ತ್ರವನ್ನು ಇಷ್ಟಪಟ್ಟು ಓದುತ್ತೇನೆ. ರಸಾಯನಶಾಸ್ತ್ರದ ದ್ರಾವಣಗಳ ಅಧ್ಯಾಯದಲ್ಲಿ ಸೂತ್ರಗಳೆಲ್ಲ ಬಾಯಿಪಾಠವಾಗಿದ್ದರೂ, ಲೆಕ್ಕ ಎದುರಿಗೆ ಬಂದಾಗ ಯಾವ ಸಂಖ್ಯೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈ ನಿಂತುಬಿಡುತ್ತದೆ. ಟ್ಯೂಷನ್‌ಗೆ ಕಳಿಸುವ ಅನುಕೂಲ ಮನೆಯಲ್ಲಿಲ್ಲ. ಇದನ್ನು ಹೇಗೆ ಓದಬೇಕು? ನರ್ಸ್ ಆಗುವವರಿಗೆ ಇದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಸ್ಟಾಫ್ ನರ್ಸ್, ದಾವಣಗೆರೆ

ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ದಿನವೂ ಬರುತ್ತದೆ. ವಾರ್ಡಿನಲ್ಲಿ ನಾವು ಎನ್‌ಎಸ್ (ನಾರ್ಮಲ್ ಸಲೈನ್) ಎಂದು ಕರೆಯುವ ಸಲೈನ್ ಬಾಟಲಿಯ ಮೇಲೆ 0.9% ಎಂದು ಬರೆದಿರುತ್ತದೆ, ಅಂದರೆ ಲೀಟರಿಗೆ 9 ಗ್ರಾಂ ಸೋಡಿಯಂ ಕ್ಲೋರೈಡ್. ಇದು ರಕ್ತದ ಆಸ್ಮಾಟಿಕ್ ಒತ್ತಡಕ್ಕೆ, ಅಂದರೆ ಪೊರೆಯ ಮೂಲಕ ನೀರನ್ನು ಸೆಳೆಯುವ ಒತ್ತಡಕ್ಕೆ, ಸರಿಹೊಂದುವ ಪ್ರಮಾಣ. ಅದರ ಬದಲು ಬರಿಯ ಶುದ್ಧ ನೀರು ರಕ್ತನಾಳಕ್ಕೆ ಹೋದರೆ, ಕೆಂಪು ರಕ್ತಕಣಗಳು ನೀರನ್ನು ಒಳಗೆಳೆದುಕೊಂಡು ಉಬ್ಬಿ ಒಡೆಯುತ್ತವೆ. ನಿನ್ನ ಕೈ ನಿಲ್ಲುತ್ತಿರುವ ಅಧ್ಯಾಯ ಇದನ್ನೇ ಹೇಳುತ್ತಿದೆ. ಮುಂದೆ ಬಯೋಕೆಮಿಸ್ಟ್ರಿಯಲ್ಲಿ ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ) 7.35ರಿಂದ 7.45ರೊಳಗೆ ಉಳಿಯಲು ಬೈಕಾರ್ಬೊನೇಟ್ ಹೇಗೆ ನೆರವಾಗುತ್ತದೆ ಎಂಬುದನ್ನು ಓದುವಾಗಲೂ ಈಗಿನ ಓದೇ ಆಸರೆಯಾಗುತ್ತದೆ. ಆದ್ದರಿಂದ ಪರೀಕ್ಷೆ ದಾಟಿದರೆ ಸಾಕೆಂದು ಇದನ್ನು ಓದಬೇಡ.

ಉತ್ತರ: ರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ನಿಮ್ಮ ತೊಡಕು ದ್ವಿತೀಯ ಪಿಯುಸಿಯದಲ್ಲ, ಪ್ರಥಮ ಪಿಯುಸಿಯ ಮೋಲ್ (ಕಣಗಳನ್ನು ಎಣಿಸುವ ಏಕಮಾನ) ಪರಿಕಲ್ಪನೆಯದು ಎಂದು ನನಗೆ ತೋರುತ್ತದೆ. ಆ ಪಾಠ ಗಟ್ಟಿಯಾಗದೆ ಮೋಲಾರಿಟಿಯ (ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್‌ಗಳ) ಲೆಕ್ಕಗಳನ್ನು ಎಷ್ಟು ಬಿಡಿಸಿದರೂ ನಿಲ್ಲುವುದಿಲ್ಲ. ಹಳೆಯ ಪುಸ್ತಕವನ್ನು ಸಂಕೋಚವಿಲ್ಲದೆ ಮತ್ತೆ ತೆರೆಯಿರಿ.

ಮೇಲಿನವರು ಹೇಳಿದ ಸಲೈನನ್ನೇ ತೆಗೆದುಕೊಳ್ಳೋಣ. ಸೋಡಿಯಂ ಕ್ಲೋರೈಡಿನ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲ್‌ನ ತೂಕ, 58.5 ಗ್ರಾಂ. 9 ಗ್ರಾಂ ಅನ್ನು 58.5ರಿಂದ ಭಾಗಿಸಿದರೆ ಸುಮಾರು 0.154 ಮೋಲ್. ನೀರಿನಲ್ಲಿ ಅದು ಸೋಡಿಯಂ ಮತ್ತು ಕ್ಲೋರೈಡ್ ಎಂಬ ಎರಡು ಅಯಾನುಗಳಾಗಿ ಬಿಡಿಸಿಕೊಳ್ಳುವುದರಿಂದ ಕಣಗಳ ಲೆಕ್ಕ ಲೀಟರಿಗೆ 0.308 ಮೋಲ್ ಆಗುತ್ತದೆ. ಈಗ 5% ಡೆಕ್ಸ್‌ಟ್ರೋಸ್ ನೋಡಿ: ಲೀಟರಿಗೆ 50 ಗ್ರಾಂ ಗ್ಲೂಕೋಸ್, ಮೋಲಾರ್ ದ್ರವ್ಯರಾಶಿ 180, ಉತ್ತರ ಸುಮಾರು 0.278. ಗ್ಲೂಕೋಸ್ ಒಡೆಯುವುದಿಲ್ಲ, ಆದ್ದರಿಂದ ದ್ವಿಗುಣವಿಲ್ಲ. ಒಂದರಲ್ಲಿ 9 ಗ್ರಾಂ, ಇನ್ನೊಂದರಲ್ಲಿ 50 ಗ್ರಾಂ. ಆದರೂ ಕಣಗಳ ಸಂಖ್ಯೆ ಹತ್ತಿರಹತ್ತಿರವೇ ಇದೆ. ಆಸ್ಮಾಟಿಕ್ ಒತ್ತಡ ತೂಕವನ್ನು ನೋಡುವುದಿಲ್ಲ, ಕಣಗಳ ಸಂಖ್ಯೆಯನ್ನು ನೋಡುತ್ತದೆ ಎಂಬುದು ಇಲ್ಲಿ ಮನಸ್ಸಿಗೆ ಹತ್ತಿದರೆ, ವಾಂಟ್ ಹಾಫ್ ಅಂಶವನ್ನು (ಕರಗಿದ ವಸ್ತು ಎಷ್ಟು ಕಣಗಳಾಗುತ್ತದೆ ಎಂಬ ಸಂಖ್ಯೆಯನ್ನು) ಬೇರೆಯಾಗಿ ಬಾಯಿಪಾಠ ಮಾಡಬೇಕಾಗಿಲ್ಲ.

ಲೆಕ್ಕ ಬಿಡಿಸುವಾಗ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಗ್ರಾಂ, ಮೋಲ್, ಲೀಟರ್ ಎಂದು ಏಕಮಾನವನ್ನು ಬರೆಯಲೇಬೇಕು. ಯಾವುದನ್ನು ಯಾವುದರಿಂದ ಭಾಗಿಸಬೇಕೆಂಬುದನ್ನು ಬಹುತೇಕ ಸಂದರ್ಭಗಳಲ್ಲಿ ಏಕಮಾನವೇ ತೋರಿಸುತ್ತದೆ. ಇನ್ನು, 30 ಅಂಕದ ಪ್ರಾಯೋಗಿಕವನ್ನು ಕಡೆಗಣಿಸಬೇಡಿ.

ಉತ್ತರ: ಒಬ್ಬ ಪಾಲಕರು, ಚಳ್ಳಕೆರೆ

ಇಷ್ಟು ಕಷ್ಟಪಡುವ ಬದಲು ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಸೇರಬಹುದಲ್ಲವೇ? ಮೂರು ವರ್ಷದ ಆ ಕೋರ್ಸಿಗೆ ಕಲಾ ವಿಭಾಗದವರೂ ಸೇರುತ್ತಾರೆ.

ಉತ್ತರ: ಸ್ಟಾಫ್ ನರ್ಸ್, ದಾವಣಗೆರೆ

ಸರ್, ಅದು ಒಳ್ಳೆಯ ದಾರಿಯೇ, ಮುಂದೆ ಜಿಎನ್‌ಎಂ ಮುಗಿಸಿದವರಿಗಿರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಯನ್ನೂ ಮಾಡಬಹುದು. ಆದರೆ ವಿಜ್ಞಾನಕ್ಕೆ ಹೆದರಿ ಆ ದಾರಿ ಹಿಡಿಯುವುದು ಸರಿಯಲ್ಲ, ಏಕೆಂದರೆ ಡ್ರಿಪ್ ಹಾಕುವ ಕೆಲಸ ಇಬ್ಬರಿಗೂ ಒಂದೇ.

ಪ್ರತಿಕ್ರಿಯೆ: ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ಸರ್, 500 ಮಿಲಿಲೀಟರ್ ಸಲೈನ್ ಬಾಟಲಿಗೆ ಲೆಕ್ಕ ಮಾಡಿದೆ: 4.5 ಗ್ರಾಂ, ಅಂದರೆ 0.077 ಮೋಲ್. ಹಾಗಾದರೆ ಸಣ್ಣ ಬಾಟಲಿಯ ಮೋಲಾರಿಟಿಯೂ ಅರ್ಧವಾಗುತ್ತದೆಯೇ?

ಉತ್ತರ: ರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಮೋಲ್‌ಗಳ ಲೆಕ್ಕ ಸರಿಯಾಗಿದೆ. ಈಗ ಅದನ್ನು 0.5 ಲೀಟರಿನಿಂದ ಭಾಗಿಸಿ, ಮತ್ತೆ 0.154 ಬರುತ್ತದೆ. ಮುಂದಿನದಾಗಿ 100 ಮಿಲಿಲೀಟರ್ ಡೆಕ್ಸ್‌ಟ್ರೋಸ್ ಬಾಟಲಿಗೆ ಇದೇ ಲೆಕ್ಕ ಮಾಡಿ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.