ಪದಚರ್ಚೆ: ‘ಚಿತ್ರವನ್ನು ಬಿಡಿಸಲಾಗಲಿಲ್ಲ’ ಅಂದರೆ ನಿಮಗೆ ಏನು ಅರ್ಥವಾಗುತ್ತದೆ?

ಎಲ್ಲರಿಗೂ ನಮಸ್ಕಾರ,

ಜೆಂಟೂ ಲಿನಕ್ಸ್ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಸಹಾಯದ ಟಿಪ್ಪಣಿ ಬರೆಯುತ್ತಿದ್ದೇನೆ. ಚಿತ್ರದ ಫೈಲು ತೆರೆಯದಿದ್ದರೆ ಎಲ್ಲೆಲ್ಲಿ ನೋಡಬೇಕು ಅನ್ನುವುದು ವಿಷಯ. ಕಮಾಂಡುಗಳೆಲ್ಲ ಬರೆದಾಯಿತು. ಒಂದು ಎರರ್ ಸಾಲನ್ನು ಕನ್ನಡದಲ್ಲಿ ಹೇಳುವ ಕಡೆ ಮಾತ್ರ ಕೈ ನಿಂತಿದೆ. ಬಲ್ಲವರು ನೋಡಿ ಹೇಳಿ.

ಇಮೇಜ್‌ಮ್ಯಾಜಿಕ್ ಅಂದರೆ ಚಿತ್ರಗಳನ್ನು ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕೆ ಬದಲಿಸಿಕೊಡುವ ಪ್ರೋಗ್ರಾಮು; ವೆಬ್‌ಪಿ, ಜೆಪೆಗ್ ಅಂಥ ಫಾರ್ಮ್ಯಾಟುಗಳು. ವೆಬ್‌ಪಿ ಓದಲು ಬಾರದ ಇಮೇಜ್‌ಮ್ಯಾಜಿಕ್‌ಗೆ ಒಂದು ವೆಬ್‌ಪಿ ಚಿತ್ರ ಕೊಟ್ಟು ‘ಜೆಪೆಗ್ ಮಾಡು’ ಅಂದರೆ ಬರುವ ಸಾಲು ಇದು: ‘ನೋ ಡಿಕೋಡ್ ಡೆಲಿಗೇಟ್ ಫಾರ್ ದಿಸ್ ಇಮೇಜ್ ಫಾರ್ಮ್ಯಾಟ್’. ಈ ಫಾರ್ಮ್ಯಾಟಿನ ಚಿತ್ರವನ್ನು ಡಿಕೋಡ್ ಮಾಡಿಕೊಡುವ ಡೆಲಿಗೇಟ್ ಇಲ್ಲ ಅಂತ.

ಡಿಕೋಡ್ ಅಂದ ತಕ್ಷಣ ನೆನಪಾಗುವುದು ‘ಬಿಡಿಸು’. ಒಗಟು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ. ಒತ್ತಿ ಕಟ್ಟಿಟ್ಟ ಡೇಟಾಕ್ಕೆ ಇದಕ್ಕಿಂತ ಚೆನ್ನಾದ ಮಾತು ಬೇಕಾ? ಆದರೆ ಪಕ್ಕದಲ್ಲಿ ‘ಚಿತ್ರ’ ಬಂತೋ, ಅರ್ಥವೇ ತಿರುಗಿಬಿಡುತ್ತದೆ. ಚಿತ್ರ ಬಿಡಿಸುವುದು ಅಂದರೆ ಬರೆಯುವುದು. ರಂಗೋಲಿ ಬಿಡಿಸುವುದೂ ಹಾಗೇ. ‘ಈ ಚಿತ್ರವನ್ನು ಬಿಡಿಸಲಾಗಲಿಲ್ಲ’ ಅಂತ ಕಂಡರೆ, ಪರದೆಯ ಮೇಲೆ ಮೂಡಿಸಲು ಆಗಲಿಲ್ಲ ಅಂದುಕೊಂಡು ಓದುಗರು ಗ್ರಾಫಿಕ್ಸ್ ಡ್ರೈವರ್ ಕೆದಕಲು ಹೊರಡುತ್ತಾರೆ. ತೊಂದರೆ ಇರುವುದು ಅದಕ್ಕೂ ಹಿಂದೆ, ಫೈಲನ್ನು ಓದುವಲ್ಲೇ.

‘ಚಿತ್ರ ತೆಗೆಯಲಾಗಲಿಲ್ಲ’ ಅನ್ನೋಣವೇ ಅಂದರೆ ಅದು ಇನ್ನೂ ಪಜೀತಿ. ಬಾಗಿಲು ತೆಗೆ, ಫೋಟೋ ತೆಗೆ, ಕಸ ತೆಗೆ, ಮೂರಕ್ಕೂ ಒಂದೇ ಕ್ರಿಯಾಪದ. ಧಾರವಾಡದ ಕಡೆಯವರಿಗೆ ಚಿತ್ರ ತೆಗೆಯುವುದು ಅಂದರೂ ಬರೆಯುವುದೇ ಅಲ್ವಾ? ‘ವಿಸಂಕೇತಿಸು’ ಅಂತ ಬರೆದರೆ ಗೊಂದಲವೇನೋ ಇಲ್ಲ, ಯಾರಿಗೂ ಏನೂ ತಿಳಿಯುವುದಿಲ್ಲ ಅಷ್ಟೆ.

ನನಗೆ ಸದ್ಯಕ್ಕೆ ಹಿಡಿಸಿರುವುದು ಸುಮ್ನೆ ‘ಓದು’. ಇಮೇಜ್‌ಮ್ಯಾಜಿಕ್ ಕೂಡ ಆ ಲೆಕ್ಕವನ್ನೇ ಇಟ್ಟುಕೊಂಡಿದೆ. ‘ಐಡೆಂಟಿಫೈ -ಲಿಸ್ಟ್ ಫಾರ್ಮ್ಯಾಟ್’ ಕೊಟ್ಟರೆ ಬರುವ ಪಟ್ಟಿಯಲ್ಲಿ ಪ್ರತಿ ಫಾರ್ಮ್ಯಾಟಿನ ಮುಂದೆ ಮೂರು ಗುರುತಿನ ಜಾಗ ಇರುತ್ತದೆ. ಮೊದಲನೆಯದು ಓದಲು, ಎರಡನೆಯದು ಬರೆಯಲು, ಮೂರನೆಯದು ಒಂದೇ ಫೈಲಿನಲ್ಲಿ ಹಲವು ಚಿತ್ರ ಇಡಲು. ಬಾರದ ಕಡೆ ಅಡ್ಡಗೆರೆ. ಮೂರೂ ಅಡ್ಡಗೆರೆಯಾದರೆ ಆ ಫಾರ್ಮ್ಯಾಟಿನ ಹೆಸರು ಮಾತ್ರ ಗೊತ್ತು, ಓದುಬರಹ ಬಾರದು ಅಂತ.

ಇನ್ನು ‘ಬೆಂಬಲವಿಲ್ಲ’. ‘ವೆಬ್‌ಪಿಗೆ ಬೆಂಬಲವಿಲ್ಲ’ ಅಂತ ಬರೆದು ಮುಗಿಸಬಹುದು, ಎಲ್ಲರಿಗೂ ರೂಢಿಯಾಗಿರುವ ಮಾತು. ನನ್ನ ತಕರಾರು ಇರುವುದೇ ಇದರ ಮೇಲೆ. ಉಬುಂಟು, ಫೆಡೋರಾದಂಥವುಗಳಲ್ಲಿ ಪ್ಯಾಕೇಜ್ ಸಿದ್ಧವಾಗಿಯೇ ಬರುತ್ತದೆ. ಅದರೊಳಗೆ ಏನಿರಬೇಕು ಅಂತ ಕಟ್ಟಿದವರು ಮೊದಲೇ ತೀರ್ಮಾನಿಸಿರುತ್ತಾರೆ. ಜೆಂಟೂದಲ್ಲಿ ಪ್ಯಾಕೇಜ್ ಹಾಕಿಕೊಡುವ ಪೋರ್ಟೇಜ್ ಮಾತ್ರ ಸಾಮಾನ್ಯವಾಗಿ ಸೋರ್ಸ್ ಕೋಡ್ ತಂದು ನಮ್ಮ ಮೆಷಿನ್ನಿನಲ್ಲೇ ಕಂಪೈಲ್ ಮಾಡುತ್ತದೆ. ಏನು ಸೇರಬೇಕು, ಏನು ಬೇಡ ಅನ್ನುವುದನ್ನು ಯೂಸ್ ಫ್ಲ್ಯಾಗ್‌ಗಳಲ್ಲಿ ನಾವು ಹೇಳುತ್ತೇವೆ. ಈರುಳ್ಳಿ ದೋಸೆಯ ಹಾಗೆ. ಹುಯ್ಯುವಾಗಲೇ ಹೇಳಬೇಕು, ತಟ್ಟೆಗೆ ಬಂದ ಮೇಲೆ ನೆನಪಾದರೆ ಇನ್ನೊಂದು ಹುಯ್ಯಿಸಬೇಕು.

ಹಾಗಾಗಿ ಇಲ್ಲಿ ‘ಇಲ್ಲ’ ಅನ್ನುವುದರಲ್ಲೇ ಬಗೆಗಳಿವೆ. ‘ಇಕ್ವೆರಿ ಯೂಸಸ್ ಇಮೇಜ್‌ಮ್ಯಾಜಿಕ್’ ಅನ್ನುವ ಕಮಾಂಡು ಕೊಟ್ಟು ನೋಡಿ. ಪ್ರತಿ ಫ್ಲ್ಯಾಗಿನ ಎದುರು ಎರಡು ಕಾಲಂ ಬರುತ್ತವೆ. ಎಡಗಡೆಯದು ಈಗಿನ ಸೆಟ್ಟಿಂಗ್ ಪ್ರಕಾರ ಕಟ್ಟಿದರೆ ಫ್ಲ್ಯಾಗ್ ಹೇಗಿರುತ್ತದೆ ಅನ್ನುವುದು. ಬಲಗಡೆಯದು ಈಗ ಇರುವ ಪ್ರೋಗ್ರಾಮನ್ನು ಕಟ್ಟಿದಾಗ ಹೇಗಿತ್ತು ಅನ್ನುವುದು. ವೆಬ್‌ಪಿ ಫ್ಲ್ಯಾಗಿಗೆ ಎರಡೂ ಕಡೆ ಮೈನಸ್ ಇದ್ದರೆ ನಾವು ಕೇಳಿಯೇ ಇಲ್ಲ. ಈ ಫ್ಲ್ಯಾಗ್‌ಗಳನ್ನು ಬರೆದಿಡುವ ‘ಪ್ಯಾಕೇಜ್.ಯೂಸ್’ನಲ್ಲಿ ವೆಬ್‌ಪಿ ಸೇರಿಸಿ, ಮತ್ತೆ ಎಮರ್ಜ್ ಮಾಡಬೇಕು, ಅಂದರೆ ಮರಳಿ ಕಟ್ಟಬೇಕು. ಎಡಕ್ಕೆ ಪ್ಲಸ್, ಬಲಕ್ಕೆ ಮೈನಸ್ ಇದ್ದರೆ ಕೇಳಿದ್ದೇವೆ, ಆದರೆ ಮರಳಿ ಕಟ್ಟಿಲ್ಲ. ಸೆಟ್ಟಿಂಗ್ ತಿದ್ದಿ, ಯಾಕೆ ಇನ್ನೂ ತೆರೆಯುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುವವರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಈ ಎರಡಕ್ಕೂ ‘ಬೆಂಬಲವಿಲ್ಲ’ ಅಂದರೆ ಓದುಗರಿಗೆ ಮುಂದಿನ ಹೆಜ್ಜೆ ಗೊತ್ತಾಗುವುದಿಲ್ಲ. ಹೀಗೆ ಬರೆದರೆ ಹೇಗೆ: ಮೊದಲನೆಯದಕ್ಕೆ ‘ಸೇರಿಸಿಲ್ಲ’, ಎರಡನೆಯದಕ್ಕೆ ‘ಸೇರಿಸಲು ಹೇಳಿದೆ, ಮರಳಿ ಕಟ್ಟಿಲ್ಲ’. ಉದ್ದವಾಯಿತು, ಒಪ್ಪುತ್ತೇನೆ.

ಐಫೋನಿನ ಫೋಟೋ ಬಂದರೆ ಇನ್ನೊಂದು ಸುತ್ತು. 2017ರ ಐಓಎಸ್ 11ರಿಂದ ಅದು ಫೋಟೋಗಳನ್ನು ಹೈಕ್ ಅನ್ನುವ ಫಾರ್ಮ್ಯಾಟಿನಲ್ಲಿ ಉಳಿಸುತ್ತದೆ. ಇವನ್ನು ತೆರೆಯುವುದು ಲಿಬ್‌ಹೈಫ್ ಅನ್ನುವ ಲೈಬ್ರರಿ, ಆದರೆ ಒಳಗೆ ಎಚ್‌ಇವಿಸಿ ಪದ್ಧತಿಯಲ್ಲಿ ಒತ್ತಿಟ್ಟ ಡೇಟಾವನ್ನು ಓದಲು ಅದು ಲಿಬ್‌ಡಿಇ265ರಂಥ ಇನ್ನೊಂದು ಲೈಬ್ರರಿಯ ಕಡೆ ಕೈ ತೋರಿಸುತ್ತದೆ. ಇಮೇಜ್‌ಮ್ಯಾಜಿಕ್ ತೆರೆದದ್ದನ್ನು, ಚಿತ್ರ ನೋಡುವ ಪ್ರೋಗ್ರಾಮಾದ ಗ್ವೆನ್‌ವ್ಯೂ ತೆರೆಯದೆಯೂ ಇರಬಹುದು. ಅದು ನಂಬಿರುವುದು ಕ್ಯೂಟಿ ಇಮೇಜ್ ಫಾರ್ಮ್ಯಾಟ್ಸ್, ಕೆಇಮೇಜ್‌ಫಾರ್ಮ್ಯಾಟ್ಸ್ ಅನ್ನುವ ಬೇರೆ ಪ್ಯಾಕೇಜುಗಳನ್ನು. ಹೆಸರಿನ ಕೊನೆಯಲ್ಲಿ ‘ಜೆಪಿಜಿ’ ಅಂತಿದ್ದು ಒಳಗೆ ವೆಬ್‌ಪಿ ಇರುವುದೂ ಉಂಟು. ‘ಫೈಲ್’ ಕಮಾಂಡು ಮೊದಲ ಕೆಲವು ಬೈಟ್ ನೋಡಿಯೇ ಅದನ್ನು ಹೇಳಿಬಿಡುತ್ತದೆ. ಇವಕ್ಕೆ ಪದದ ತಂಟೆ ಇಲ್ಲ, ಬಿಡಿ.

ಕೊನೆಯದು ‘ಡೆಲಿಗೇಟ್’. ಇಮೇಜ್‌ಮ್ಯಾಜಿಕ್ ತಾನು ಮಾಡಲಾಗದ ಕೆಲಸ ವಹಿಸಿಕೊಡುವುದು ಇವರಿಗೆ. ಲಿಬ್‌ವೆಬ್‌ಪಿಯಂಥ ಲೈಬ್ರರಿಯೂ ಡೆಲಿಗೇಟೇ, ಹೊರಗಿನ ಘೋಸ್ಟ್‌ಸ್ಕ್ರಿಪ್ಟೂ ಡೆಲಿಗೇಟೇ. ಹಾಗಾಗಿ ‘ಸಹಾಯಕ ಲೈಬ್ರರಿ’ ಪೂರ್ತಿ ಸರಿಹೋಗದು. ‘ಪ್ರತಿನಿಧಿ’ ಅಂದರೆ ಸಮ್ಮೇಳನಕ್ಕೆ ಬ್ಯಾಡ್ಜ್ ಹಾಕಿಕೊಂಡು ಬಂದವರು ಕಣ್ಣಿಗೆ ಕಟ್ಟುತ್ತಾರೆ. ‘ಕೈಯಾಳು’ ನನಗೆ ಇಷ್ಟ, ಆದರೆ ಯಾರಾದರೂ ಮುಖ ಸಿಂಡರಿಸಬಹುದು. ಬರೀ ‘ಸಹಾಯಕ’ ಸಾಕಾ?

ಯೂಸ್ ಫ್ಲ್ಯಾಗನ್ನು ಕನ್ನಡಿಸುವ ಯೋಚನೆ ಇಲ್ಲ. ಅದನ್ನು ಹಾಗೇ ಟೈಪ್ ಮಾಡಬೇಕು, ‘ಬಳಕೆ ಬಾವುಟ’ ಅಂದರೆ ಪೋರ್ಟೇಜ್‌ಗೂ ತಿಳಿಯದು, ನಮಗೂ ತಿಳಿಯದು.

ಸದ್ಯಕ್ಕೆ ನಾನು ಬರೆದಿಟ್ಟಿರುವ ಸಾಲು: ‘ವೆಬ್‌ಪಿ ಚಿತ್ರ ಓದುವ ಸಹಾಯಕವನ್ನು ಸೇರಿಸದೆ ಈ ಪ್ರೋಗ್ರಾಮನ್ನು ಕಟ್ಟಲಾಗಿದೆ.’ ಇದರಲ್ಲಿ ‘ಕಟ್ಟಲಾಗಿದೆ’ ಕಿವಿಗೆ ಹೊಡೆಯುತ್ತದಾ? ‘ಕಂಪೈಲ್ ಮಾಡಲಾಗಿದೆ’ ಅಂತಲೇ ಬಿಡಲಾ? ‘ಬಿಡಿಸು’ವನ್ನು ಹೇಗಾದರೂ ಉಳಿಸಿಕೊಳ್ಳುವ ದಾರಿ ಯಾರಿಗಾದರೂ ಹೊಳೆದರೆ ಅದನ್ನೂ ತಿಳಿಸಿ.